ನೀರು ಕೇಳದ ಗಿಡಗಳು

ಮಾವನವರಿಗೆ ನಮಸ್ಕಾರ.

ಭಾನುವಾರ ನೀವು ಆಸ್ಪತ್ರೆಯಿಂದ ಬರುವ ಮೊದಲೇ ಹೇಳಿಬಿಡುತ್ತೇನೆ, ಸಿಟ್ಟಾಗಬೇಡಿ. ಇನ್ನು ನೀವು ಬಕೆಟ್ ಎತ್ತುವಂತಿಲ್ಲ ಎಂದಿದ್ದಾರೆ ಡಾಕ್ಟರು. ಅದಕ್ಕೇ ಹೆಚ್ಚು ನೀರು ಕೇಳದ, ನಮ್ಮ ನೆಲದ್ದೇ ಗಿಡಗಳಿಗಾಗಿ ನರ್ಸರಿಗಳನ್ನೆಲ್ಲ ಸುತ್ತಿದೆ. ಒಬ್ಬನಂತೂ, "ಒಣಗದ ಗಿಡ ಮಾರಿದ್ರೆ ನೀವು ಮತ್ತೆ ನಮ್ಮಂಗಡಿಗೆ ಯಾಕಮ್ಮ ಬರ್ತೀರಿ?" ಎಂದು ನಕ್ಕ. ಕೊನೆಗೆ ಗೋರಂಟೆ, ಲಕ್ಕಿ ಗಿಡಗಳು ಸಿಕ್ಕಿದ್ದು ಬಸ್ ಡಿಪೋ ಹಿಂದೆ ಸಸಿ ಮಾರುವ ನಿವೃತ್ತ ಕಂಡಕ್ಟರ್ ಹತ್ತಿರ. ಅಂಗಳದ ಹಳೆಯ ಗಿಡಗಳನ್ನು ತೆಗೆದು ಇವನ್ನೇ ನೆಟ್ಟಾಗಿದೆ. ಬೇರು ಹಿಡಿಯುವ ತನಕ ನಾನು ನೋಡಿಕೊಳ್ಳುತ್ತೇನೆ, ಆಮೇಲೆ ಮಳೆಯೇ ಸಾಕಂತೆ. ನೀವು ಕದ್ದುಮುಚ್ಚಿ ನೀರು ಹಾಕಿ ಕೊಳೆಸಬೇಡಿ.

ಅತ್ತೆಯವರು ತೀರಿಹೋಗುವ ವರ್ಷ ನೆಟ್ಟಿದ್ದ ಗುಲಾಬಿಯನ್ನು ಮಾತ್ರ ಮುಟ್ಟಿಲ್ಲ. ಅದರ ಪಕ್ಕ ಸಣ್ಣ ಚೊಂಬೊಂದನ್ನು ಇಟ್ಟಿದ್ದೇನೆ. ಬೆಳಿಗ್ಗೆ ನೀವು ಅಲ್ಲಿ ನಿಂತು ಅವರೊಂದಿಗೆ ಮಾತಾಡುವಾಗ, ಅಡುಗೆಮನೆಯ ಕಿಟಕಿಯನ್ನು ಎಂದಿನಂತೆ ಮುಚ್ಚಿರುತ್ತೇನೆ.

ನಿಮ್ಮ ಸೊಸೆ