ದೇವಯ್ಯನೋ ಹೊನ್ನಪ್ಪನೋ

ಜುಲೈ 6, ಮಧ್ಯಾಹ್ನ

ಅಮ್ಮನಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ ಈಗ ಕೂತೆ. ಬಚ್ಚಲಲ್ಲಿ ಬಿದ್ದಾಗಿಂದ ಎದ್ದಿಲ್ಲ. ತೊಡೆ ಮೂಳೆ ಮುರಿದಿದೆ. ಆಪರೇಷನ್ ಮಾಡಿಸಿ, ತಡ ಮಾಡ್ಬೇಡಿ ಅಂತ ಡಾಕ್ಟ್ರು ಹೇಳಿಯಾಯ್ತು. ಆರ್.ಟಿ. ನಗರದ ಅಣ್ಣ ಉಪೇಂದ್ರ 'ನಾಳೇನೇ' ಅಂದ. ಯಲಹಂಕದಿಂದ ತಮ್ಮ ಪ್ರದ್ಯುಮ್ನ ಬಂದ. 'ಎಂಬತ್ತಾರು ವಯಸ್ಸು ಕಣೋ, ಇನ್ನೊಬ್ರನ್ನ ಕೇಳೋಣ' ಅಂತ ಡಿಸ್ಚಾರ್ಜ್ ಮಾಡಿಸಿ ಶೆಟ್ಟಿಹಳ್ಳಿಗೆ, ನನ್ನ ಮನೆಗೇ ತಂದು ಮಲಗಿಸಿದ.

ನೋವಿಗೆ ನಿದ್ದೆ ಇಲ್ಲ ಪಾಪ. ಕಥೆ ಹೇಳೇ ಅಂದ್ಲು. ಬಾಯಿಗೆ ಬಂದದ್ದು ಶುರು ಮಾಡಿದೆ — ಹಡಗು ಮುಳುಗಿ ದೇವಯ್ಯ, ಹೊನ್ನಪ್ಪ ಅಂತ ಇಬ್ರು ಒಂದು ದ್ವೀಪಕ್ಕೆ ಬಂದು ಬಿದ್ರು. ಜೊತೇಲಿ ಕಾಲು ಮುರಿದ ಅಡಿಗೆ ಭಟ್ಟ.

ಜುಲೈ 7

ದೇವಯ್ಯ ಬಂದ ದಿನವೇ ಮರ ಕಡಿದು ತೆಪ್ಪ ಕಟ್ಟೋಕೆ ನಿಂತ. ಹೆದರಿದೋರಿಗೆ ಅವನ ದನಿ ಕೇಳಿದ್ರೇ ಧೈರ್ಯ. ಆದ್ರೆ ಯಾರ ಮಾತೂ ಕೇಳಲ್ಲ. ಹೊನ್ನಪ್ಪ ಮೆತ್ತಗೆ. ಗಾಳಿ ನೋಡ್ತಾನೆ, ಅಲೆ ನೋಡ್ತಾನೆ, ಎಳನೀರು ಸಮ ಹಂಚ್ತಾನೆ. ಆದ್ರೆ 'ನಾಳೆ ನೋಡೋಣ' ಬಿಟ್ರೆ ಬೇರೆ ಮಾತಿಲ್ಲ.

'ಇಬ್ರಲ್ಲಿ ಯಾರೇ ಒಳ್ಳೆ ಯಜಮಾನ?' ಅಂದ್ಲು ಅಮ್ಮ.

ದೇವಯ್ಯ ಅಂದೆ.

'ಭಟ್ಟ ಏನಾದ?'

'ಮಲಗಿದಾನೆ, ಇರಮ್ಮ. ಇದು ಅವನ ಕಥೆ ಅಲ್ಲ.'

ಜುಲೈ 8

ಇಬ್ರೂ ಬಂದಿದ್ರು. ನಡುಮನೇಲಿ ಮಾತಿನ ಕುಸ್ತಿ.

'ಬೆಡ್ ಬುಕ್ ಮಾಡಿದೀನಿ. ಸುಮ್ನೆ ಹೊರಡ್ಸು' — ಅಣ್ಣ.

'ಏನು, ಕಾರು ಸರ್ವಿಸ್‌ಗೆ ಬಿಡ್ತಿದೀಯಾ? ಲೀಡರ್ ಅನ್ನೋನು ಎಲ್ರನ್ನೂ ಕೇಳಿ ಮಾಡ್ತಾನೆ' — ಪ್ರದ್ಯುಮ್ನ.

'ಹೌದಪ್ಪಾ, ನೀನು ಎಕ್ಸ್‌ರೇನ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕ್ದೆ. ನಿನ್ನ ಷಡ್ಡಕ ಹೆಬ್ಬೆಟ್ಟು ತೋರಿಸ್ದ. ಅದೇನಾ ನಿನ್ನ ಸೆಕೆಂಡ್ ಒಪಿನಿಯನ್ನು?'

ಒಳಗಿಂದ ಅಮ್ಮ ಕೂಗಿದ್ಲು. ಬೆಡ್‌ಪ್ಯಾನ್ ಇಡೋಕೆ ನಾನೇ ಹೋದೆ. ಇವ್ರು ದನಿ ಕೂಡ ತಗ್ಗಿಸಲಿಲ್ಲ. ಇಟ್ಟ ಕಾಫಿ ಹಾಗೇ ತಣ್ಣಗೆ.

ಹೊರಡ್ತಾ ಅಣ್ಣ, 'ವೇಣಿ, ಅಮ್ಮಂಗೆ ಅದೇನೋ ಕಥೆ ಹೇಳ್ತಿದೀಯಂತೆ. ದೇವಯ್ಯ ಅಂದ್ರೆ ನಾನು ತಾನೆ?' ಅಂದ, ಮೀಸೇಲೇ ನಗ್ತಾ. ಪ್ರದ್ಯುಮ್ನ ಚಪ್ಪಲಿ ಹಾಕ್ತಾ ಪಿಸುಗುಟ್ಟಿದ — 'ಅಕ್ಕ, ಕೊನೇಲಿ ಹೊನ್ನಪ್ಪನ್ನ ಗೆಲ್ಲಿಸು.'

ಗೆಲ್ಲಿಸ್ಬೇಕಂತೆ! ತಲೆ ಚಚ್ಕೋಬೇಕು ಅನ್ನಿಸ್ತು.

ಜುಲೈ 11

ಬರೆಯೋಕೆ ಆಗ್ಲಿಲ್ಲ. ಅಮ್ಮನ ಬೆನ್ನು ಕೆಂಪಾಗಿದೆ, ಹುಣ್ಣಾಗೋ ಹಾಗಿದೆ. ಕೆಮ್ಮು ಬೇರೆ. ಗ್ರೂಪಲ್ಲಿ ಇನ್ನೂ ಚರ್ಚೆ.

ಬೆಳಗ್ಗೆ ಹೊನ್ನಪ್ಪನೇ ವಾಸಿ ಅನ್ನಿಸಿತ್ತು, ಕಡೇಪಕ್ಷ ಎಳನೀರಾದ್ರೂ ಕೊಟ್ಟ ಅಂತ. ಸಂಜೆಗೆ ಅವನ ಮೇಲೂ ಸಿಟ್ಟು. ಒಬ್ಬ ತೆಪ್ಪ ಇಳಿಸು ಅಂತಾನೆ, ಇನ್ನೊಬ್ಬ ತಡಿ ಅಂತಾನೆ. ಒಂದೇ ಹಗ್ಗ ಹಿಡಿದು ಎಳೆದಾಟ. ಸಮುದ್ರ ಏರ್ತಾ ಇದೆ... ಭಟ್ಟನ ಪಾದದ ತನಕ ನೀರು ಬಂತು ಅಂತ ಹೇಳ್ಬಿಟ್ಟೆ, ಬಾಯಿ ತಪ್ಪಿ.

ಅಮ್ಮ ಕಣ್ಣು ಬಿಟ್ಲು. 'ಅವನನ್ನ ಒಬ್ರಾದ್ರೂ ಕೇಳಿದ್ರೇನೇ?'

ದೀಪ ಆರಿಸಿ ಎದ್ದು ಬಂದೆ.

ಜುಲೈ 12, ಬೆಳಗ್ಗೆ

ಕೇಳಿದೆ. 'ಅಮ್ಮ, ಆಪರೇಷನ್ ಬೇಕಾ ನಿನಗೆ? ಅಪಾಯ ಇದೆ ಅಂತಾರೆ.'

'ಬೇಕು ಕಣೆ. ಹೋದ್ರೆ ಹೋಗ್ತೀನಿ. ಉಳಿದ್ರೆ ನಾನೇ ಎದ್ದು ಬಚ್ಚಲಿಗೆ ಹೋಗ್ಬೇಕು. ನಿನ್ನ ಕೈಲಿ ತೊಳಸ್ಕೊಂಡಿದ್ದು ಸಾಕು.'

'ಮತ್ತೆ ಇಷ್ಟು ದಿನ ಹೇಳೋಕೇನಾಗಿತ್ತಮ್ಮ?'

'ಭಟ್ಟನ ವಿಷ್ಯ ಎತ್ತಿದ್ನಲ್ಲೇ. ಇದು ಅವನ ಕಥೆ ಅಲ್ಲ ಅಂದೆ ನೀನು.'

ಆಸ್ಪತ್ರೆಗೆ ಫೋನ್ ಮಾಡಿದೆ. ಆಂಬುಲೆನ್ಸ್ ಕಳಿಸಿ ಅಂದೆ. 'ಒಪ್ಪಿಗೆ ಯಾರದು ಮೇಡಂ?' ಅಂದ್ಲು ಆ ಹುಡುಗಿ. ಪೇಷೆಂಟ್‌ದೇ ಅಂದೆ.

ಗ್ರೂಪಿಗೂ ಒಂದು ಸಾಲು ಹಾಕಿದೆ. ಈಗ ಅಣ್ಣನ ಫೋನ್ ಬಡ್ಕೊಳ್ತಿದೆ. ನಿಂತ್ರೆ ಪ್ರದ್ಯುಮ್ನನದು. ಬಡ್ಕೊಳ್ಳಲಿ. ಗೇಟ್ ಹತ್ರ ಗಾಡಿ ಬಂದ ಸದ್ದು. 'ವೇಣೀ, ನನ್ನ ಹಲ್ಲು ಸೆಟ್ಟು ಎಲ್ಲೇ?' — ಅಮ್ಮ ಆಗ್ಲೇ ಯಜಮಾನಿಕೆ ಶುರು. ಕಿಟಕಿ ಹತ್ರ ಲೋಟದಲ್ಲಿ ಇಟ್ಟಿದ್ದೆ, ಅದನ್ನ ತಗೊಂಡು ಹೊರಟೆ.