ಬುಟ್ಟಿ ಮುಚ್ಚಿಟ್ಟ ಆಟ

ದೊಡ್ಡವ್ವಾ, ಎಲ್ಲಿ ಕುಳಿತಿದ್ದೀಯೋ ಅಲ್ಲೇ ಸ್ವಲ್ಪ ಕೇಳು,

ಈ ಕಾಗದ ಬರೆಯಲು ನಾಲ್ಕು ದಿನದಿಂದ ಕೂರುತ್ತೇನೆ, ಏಳುತ್ತೇನೆ. ಒತ್ತಕ್ಷರ ತಪ್ಪಿದರೆ ಯಾರಾದರೂ ನಕ್ಕಾರು ಎಂಬ ಅಂಜಿಕೆ ಒಂದು, ಒಲೆಯ ಮೇಲಿನ ಹಾಲು ಉಕ್ಕೀತು ಎಂಬ ಅಂಜಿಕೆ ಇನ್ನೊಂದು. ನಿನಗೆ ಓದಲು ಬರುತ್ತಿರಲಿಲ್ಲ. ಆದರೂ ಅಂಗಡಿಯ ಪೊಟ್ಟಣ ಬಿಡಿಸಿದ ಕೂಡಲೇ ಆ ಕಾಗದವನ್ನು ಕಣ್ಣ ಹತ್ತಿರ ಹಿಡಿದು, "ಏನ ಬರದಾರ ನೋಡು" ಎಂದು ನನ್ನ ಕೈಗೆ ಕೊಡುತ್ತಿದ್ದೆ. ಐದನೆಯ ತರಗತಿಯನ್ನು ಮೂರು ಸಲ ಸೇರಿ ಮೂರು ಸಲ ಬಿಟ್ಟ ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿ ಹೇಳುತ್ತಿದ್ದೆ. ಇದನ್ನೂ ಹಾಗೇ ಓದಿ ಹೇಳುತ್ತಿದ್ದೇನೆ ಎಂದುಕೋ. ನೀನು ಹೋದ ಮೇಲೆ ನಾನೊಂದು ತಪ್ಪು ಮಾಡಿದೆ. ಅದನ್ನು ನಿನಗೆ ಹೇಳದೆ ಹೇಗೆ...

ಕಲ್ಲಿನ ಮೇಲೆ ಹುಣಸೆ ಬೀಜ ಉಜ್ಜುವ ಸಪ್ಪಳ ಈಗಲೂ ನನ್ನ ಕಿವಿಯಲ್ಲಿದೆ. ಅವ್ವ ತೀರಿಕೊಂಡ ವರ್ಷ ನೀನು ನನ್ನನ್ನು ಮಳಗಿ ಊರಿನ ಆಚೆಯ ಈ ಕೇರಿಗೆ ಕರೆತಂದೆ. ನಾನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ನೀನು ನಾಲ್ಕು ಬೀಜ ತೆಗೆದುಕೊಂಡು, ಒಂದು ಮಗ್ಗುಲನ್ನು ಬೆಳ್ಳಗಾಗುವ ತನಕ ಉಜ್ಜಿದೆ. ಇನ್ನೊಂದು ಮಗ್ಗುಲು ಕಪ್ಪಗೇ ಉಳಿಯಿತು. ನೆಲದ ಮೇಲೆ ಇದ್ದಿಲಿನಿಂದ ಐದೈದು ಮನೆ ಗೀರಿ, ಒಡೆದ ಬಳೆಯ ಚೂರುಗಳನ್ನು ಕಾಯಿ ಮಾಡಿ ಚೌಕಾಬಾರ ಹೂಡಿದೆ. ಶಾಲೆಯಲ್ಲಿ ತಲೆಗೆ ಹತ್ತದ ಲೆಕ್ಕ ಆ ಮನೆಗಳಲ್ಲಿ ನನಗೆ ಬಂತು. ಸುತ್ತು ಮುಗಿಸಿ ನಡುವಿನ ಮನೆ ಸೇರಿದ ಕಾಯಿ ಹಣ್ಣಾಯಿತು, ನಡುದಾರಿಯಲ್ಲಿ ಹೊಡೆತ ತಿಂದ ಕಾಯಿ ಸತ್ತಿತು. ನನ್ನ ಕಾಯಿ ಸತ್ತಾಗ ಅತ್ತರೆ ನೀನು ಏನು ಹೇಳುತ್ತಿದ್ದೆ, ನೆನಪಿದೆಯಾ? "ಅಳಬ್ಯಾಡ. ಸತ್ತ ಕಾಯಿ ಮತ್ತ ಮನಿಯಿಂದ ಹೊಂಡತೈತಿ."

ಲಕ್ವ ಹೊಡೆದು ನಿನ್ನ ಬಲಗೈ ಸೋತಾಗ, ಬೆರಳು ಆಡಿಸುತ್ತಿರಲಿ ಎಂದು ಆಸ್ಪತ್ರೆಯಲ್ಲಿ ಮೆತ್ತನೆಯ ಚೆಂಡು ಕೊಟ್ಟರು. ನೀನು ಅದನ್ನು ಕೇರಿಯ ನಾಯಿಗೆ ಎಸೆದು, ಬೀಜದ ಹಳೆಯ ಡಬ್ಬಿ ಕೇಳಿದೆ. ಅಂದಿನಿಂದ ದಿನಾ ಮೂರು ಗಂಟೆಗೆ ನಮ್ಮ ಪಡಸಾಲೆ ತುಂಬತೊಡಗಿತು. ನಿನ್ನ ಎದುರಿಗೆ ಮೇಲಿನ ಓಣಿಯ ಇನಾಸಜ್ಜ, ಕೋಲನ್ನು ಗೋಡೆಗೆ ಒರಗಿಸಿ. ಪಕ್ಕದಲ್ಲಿ ಹುಸೇನಬಿ, ಎರಡೂ ಕಣ್ಣಿಗೆ ಪೊರೆ ಬಂದಿದ್ದರೂ ನಿಮ್ಮಿಬ್ಬರ ಮೋಸವನ್ನೂ ಹಿಡಿಯುವ ಪಂಚಳಾಗಿ. ನನಗೋ ಬರೀ ಚಿಂತೆ. ಬೀಜ ಯಾರದಾದರೂ ಕಾಲಡಿಗೆ ಹೋದರೆ? ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಅವರ ಮನೆಯವರಿಗೆ ನಾನೇನು ಹೇಳಲಿ? ಉರುಳಿದ ಪ್ರತಿ ಬೀಜದ ಹಿಂದೆ ನಾನು ಕೋಳಿಯ ಹಾಗೆ ಓಡುತ್ತಿದ್ದರೆ ನೀನು ಗದರುತ್ತಿದ್ದೆ. "ಸುಮಿ, ಕುಂದ್ರು ಒಂದ ಕಡೆ. ಕುಂತಲ್ಲೇ ಕೊಳಿಯೂದಕ್ಕಿಂತ ಆಡಿ ಬೀಳೂದು ಛಲೋ."

ಹೊತ್ತು ಇಳಿದು ಕೋಳಿಗಳು ಗೂಡಿನತ್ತ ಬರುವಾಗ ನಿನ್ನದು ಒಂದೇ ಮಾತು, "ಬುಟ್ಟಿ ತಾ." ಆಟ ಎಲ್ಲಿದೆಯೋ ಅಲ್ಲೇ ಅದರ ಮೇಲೆ ಬಿದಿರಿನ ಬುಟ್ಟಿ ಮುಚ್ಚಿಸಿ, ಕೋಳಿ ಕೆದರದ ಹಾಗೆ ಕಲ್ಲು ಇಡಿಸುತ್ತಿದ್ದೆ. ಮಧ್ಯಾಹ್ನವೇ ಒಂದಾಟ ಮುಗಿದುಹೋದರೂ ಇನ್ನೊಂದು ಹೂಡಿಯೇ ಮುಚ್ಚಿಸುತ್ತಿದ್ದೆ. "ನಾಗವ್ವಗ ಸೋಲು ಬಂತಂದ್ರ ಬುಟ್ಟಿ ಬರತೈತಿ" ಎಂದು ಇನಾಸಜ್ಜ ಕೆಣಕುತ್ತಿದ್ದ. "ಗೆಲುವು ಬಂದ್ರೂ ಬರತೈತಿ. ನಡಿ ಮನಿಗೆ, ಮುದುಕ" ಎನ್ನುತ್ತಿದ್ದೆ ನೀನು. ಯಾಕೆ ಹೀಗೆ ಎಂದು ನಾನು ಕೇಳಿದ್ದಕ್ಕೆ "ಕೈ ಸೋತೈತಿ" ಎಂದೆ. ನಾನು ನಂಬಿದೆ. ವಾರಕ್ಕೊಮ್ಮೆ ನೆಲ ಸಾರಿಸುವಾಗ ಆ ಬುಟ್ಟಿಯಷ್ಟು ಜಾಗ ಬಿಟ್ಟು ಸುತ್ತ ಸಾರಿಸುವುದೂ ನನಗೆ ರೂಢಿಯಾಗಿತ್ತು.

ಕೊನೆಯ ದಿನದ ಆಟದಲ್ಲಿ ನಿನ್ನ ಮೂರು ಕಾಯಿ ಹಣ್ಣಾಗಿದ್ದವು. ನಾಲ್ಕನೆಯದಕ್ಕೆ ಒಂದೇ ಮನೆ ಬಾಕಿ. ಬುಟ್ಟಿ ಮುಚ್ಚಿಸಿ ಮಲಗಿದವಳು ಬೆಳಿಗ್ಗೆ ಚಹಾಕ್ಕೆ ಏಳಲಿಲ್ಲ. ಮೂರನೆಯ ದಿನ ಮನೆಯೆಲ್ಲ ಸಾರಿಸಬೇಕಿತ್ತು. ಬಂದ ಹೆಂಗಸರು ಒಂದು ಮೂಲೆಯನ್ನೂ ಬಿಡಬಾರದು ಎಂದರು. ಬಿಟ್ಟರೆ ಅಲ್ಲಿ ನಿನಗೇ ಏನಾದರೂ ತೊಡಕಾದೀತೇನೋ ಎಂಬ ಅಂಜಿಕೆ ನನಗೆ ಬೇರೆ. ಬುಟ್ಟಿ ಎತ್ತಿದೆ. ಬಳೆಚೂರುಗಳನ್ನು ಬಳಿದು ಡಬ್ಬಿಗೆ ಹಾಕಿದೆ. ನಿನ್ನ ಮನೆಗಳ ಮೇಲೆ ಸೆಗಣಿ ಎಳೆದುಬಿಟ್ಟೆ.

ಅದೇ ದಿನ ಮೂರು ಗಂಟೆಗೆ ಇನಾಸಜ್ಜ ಬಂದ. ಇನ್ನೂ ಹಸಿಯಾಗಿದ್ದ ನೆಲವನ್ನು ನೋಡುತ್ತ ಬಾಗಿಲಲ್ಲೇ ನಿಂತ. "ನಮ್ಮ ಆಟ ಇತ್ತಲ್ಲವಾ ಇಲ್ಲಿ" ಎಂದ. ಅಷ್ಟೇ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಕೋಲೂರಿಕೊಂಡು ತಿರುಗಿ ಹೋದವನು ಮತ್ತೆ ಬರಲಿಲ್ಲ. ಅವನ ಸೊಸೆ ಮರಿಯಾ ನಳದ ಹತ್ತಿರ ಸಿಕ್ಕಾಗಲೆಲ್ಲ ಹೇಳುತ್ತಿದ್ದಳು: ಮಾವ ಗೋಡೆಗೆ ಮುಖ ಮಾಡಿ ಕೂರುತ್ತಾನೆ, ಉಣ್ಣಲು ಕರೆದರೆ ಓಗೊಡುವುದಿಲ್ಲ, ಬೀಡಿಯನ್ನೂ ಕೇಳುವುದಿಲ್ಲ. ಹುಸೇನಬಿಯ ಮುಂದೆ ಕುಳಿತು ಅತ್ತೆ. ಅವಳು ಸಮಾಧಾನ ಹೇಳಲಿಲ್ಲ. "ನಿಮ್ಮ ದೊಡ್ಡವ್ವ ಬುಟ್ಟಿ ಯಾಕ ಮುಚ್ಚತಿದ್ಲು, ಗೊತ್ತೇನು?" ಎಂದಳು. "ಹೇಣ್ತಿ ಸತ್ತ ಮ್ಯಾಲ ಆ ಮುದುಕ ಹಾಸಿಗಿ ಬಿಟ್ಟು ಏಳತಿದ್ದಿಲ್ಲ. ಆಟ ಮುಗಸಿದ್ರ ನಾಳಿ ಯಾತಕ್ಕ ಬಂದಾನು?"

ಅಷ್ಟು ವರ್ಷ ಅದೇ ಪಡಸಾಲೆಯಲ್ಲಿ ಓಡಾಡಿದ ನನಗೆ ಇದು ಯಾಕೆ ತಿಳಿಯಲಿಲ್ಲ, ದೊಡ್ಡವ್ವಾ? ಹಾಗಾದರೆ ನಾನು ಸಾರಿಸಿ ಅಳಿಸಿದ್ದು ಇದ್ದಿಲಿನ ಗೀರನ್ನಷ್ಟೇ ಅಲ್ಲ...

ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯಲು ನೀನು ನನ್ನ ಕೈ ಹಿಡಿದು ಕಲಿಸಿದ್ದು ಆಗ ನೆನಪಾಯಿತು. ನೆಲದ ಮೇಲೆ ಗೀರಿದರೆ ಅಳಿಸಬಹುದು, ಹೊಲಿದರೆ ಯಾರು ಅಳಿಸುತ್ತಾರೆ? ನಿನ್ನ ಹಸಿರು ಸೀರೆ, ಹುಸೇನಬಿಯ ಓಢಣಿ, ಮರಿಯಾಳಿಂದ ಕೇಳಿ ತಂದ ಅಜ್ಜನ ಹಳೆಯ ಲುಂಗಿ, ಇವನ್ನೇ ಕತ್ತರಿಸಿ ಐದೈದು ಮನೆ ಜೋಡಿಸಿದೆ. ಕಾಯಿ ಹೊಡೆಯಬಾರದ ಕಟ್ಟೆಮನೆಗಳ ಮೇಲೆ ದಪ್ಪ ದಾರದ ಗೀಟು ಹಾಕಿದೆ, ಹುಸೇನಬಿ ಬೆರಳಿನಿಂದಲೇ ಗುರುತು ಹಿಡಿಯಲಿ ಎಂದು. ಅಜ್ಜನ ನಡುಗುವ ಬೆರಳಿಗೆ ಬಳೆಚೂರು ಸಿಗುವುದಿಲ್ಲ, ಅದಕ್ಕೆ ಬಾಟಲಿಯ ಮುಚ್ಚಳಕ್ಕೆ ಬಟ್ಟೆ ಸುತ್ತಿ ಕಾಯಿ ಮಾಡಿದೆ. ಉರುಳಿ ಹೋಗುವ ಬೀಜದ ಬದಲು ಬಿದಿರಿನ ನಾಲ್ಕು ಸೀಳು, ಒಳಗೆ ಬಿಳಿ, ಬೆನ್ನು ಹಸಿರು. ಸಿಬಿರು ಚುಚ್ಚೀತೆಂದು ಮೂರು ಮೂರು ಸಲ ಉಜ್ಜಿದೆ. ಮೂಲೆಗೆ ಫುಲ ಹಚ್ಚದ ಕೌದಿ ಬತ್ತಲೆ ಇದ್ದ ಹಾಗೆ ಎನ್ನುತ್ತಿದ್ದೆಯಲ್ಲ, ಬಟ್ಟೆ ಮಡಚಿ ಮಾಡುವ ಆ ಹೂವನ್ನು ನಾಲ್ಕೂ ಮೂಲೆಗೆ ಹಚ್ಚಿದೆ.

ನಿನ್ನೆ ಅದನ್ನು ತೆಗೆದುಕೊಂಡು ಇನಾಸಜ್ಜನ ಮನೆಗೆ ಹೋದೆ. ಮುಖಕ್ಕೇ ಎಸೆದಾನೆಂದು ಅಂಜುತ್ತ ಅವನ ಮೊಣಕಾಲ ಮೇಲೆ ಹಾಸಿದೆ. ನಿನ್ನ ಸೀರೆಯ ತುಂಡಿನ ಮೇಲೆ ಕೈಯಾಡಿಸಿದ. ಆಮೇಲೆ, "ನಡುವಿನ ಮನಿ ಸೊಟ್ಟ ಆಗೇತಿ" ಎಂದ. ನನಗೆ ಹೋದ ಜೀವ ಬಂತು. "ಇಲ್ಲಿ ಬ್ಯಾಡ, ನಿಮ್ಮ ಪಡಸಾಲ್ಯಾಗ ಹಾಸು" ಎನ್ನುತ್ತ ಕೋಲು ಹುಡುಕತೊಡಗಿದ.

ನೆಲಕ್ಕೆ ಕೂರಲು ಈಗ ಅವನಿಗೆ ಆಗದು. ಬೆಂಚಿನ ಮೇಲೆ ಕೌದಿ ಹಾಸಿದೆ. ಹುಸೇನಬಿಗೂ ಹೇಳಿ ಕಳಿಸಿದೆ. ಅಜ್ಜ ಒಂದೊಂದೇ ಕಾಯಿ ಎತ್ತಿ ಇಟ್ಟ. ತನ್ನ ಎರಡು ಹಣ್ಣು, ಒಂದು ಕಟ್ಟೆಯ ಮೇಲೆ, ಒಂದು ಹೊರಸುತ್ತಿನಲ್ಲಿ. ನಿನ್ನ ಮೂರು ಹಣ್ಣು. ಕೊನೆಯದನ್ನು ನಡುವಿನ ಮನೆಗೆ ಒಂದೇ ಮನೆ ಹಿಂದೆ ಇಟ್ಟು, "ಇದು ನಾಗವ್ವಂದು. ನೀ ಅಳಿಸಿದಿ, ನಾ ಮರತಿಲ್ಲ" ಎಂದ. ನಿನ್ನ ಪಾಲಿಗೆ ನಾನು ಕೂತೆ. ಸರದಿಯ ಮೇಲೆ ಸರದಿ ಹೋಯಿತು, ಬೇಕಾದ ಒಂದು ಬೀಳಲಿಲ್ಲ. ಕೋಳಿಗಳು ಅಂಗಳಕ್ಕೆ ಬರುವ ಹೊತ್ತಿಗೆ ಮೂರು ಹಸಿರು, ಒಂದು ಬಿಳಿ ಬಿತ್ತು. ಹುಸೇನಬಿ ಸೀಳುಗಳನ್ನು ಮುಟ್ಟಿ ಮುಟ್ಟಿ ನೋಡಿ, "ಒಂದ ಬಿತ್ತು, ಹಣ್ಣ ಮಾಡು" ಎಂದಳು. ಅಜ್ಜ ಆಟವನ್ನು ನೋಡುತ್ತಿರಲಿಲ್ಲ. ಅವನ ಕೈ ಆಗಲೇ ಕೋಲಿನ ಮೇಲೆ ಹೋಗಿತ್ತು, ಕಣ್ಣು ಬಾಗಿಲ ಕಡೆ.

ನಾನು ಎದ್ದು ಹೋಗಿ ಬುಟ್ಟಿ ತಂದೆ.

"ಗೆಲ್ಲೂ ಹೊತ್ತಿನ್ಯಾಗ ಬುಟ್ಟಿ" ಎಂದ ಅಜ್ಜ. "ಥೇಟ್ ಅಕಿದ ಬುದ್ಧಿ."

"ಕೈ ಸೋತೈತಿ, ಅಜ್ಜಾ" ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ತಾನೇ ಬುಟ್ಟಿಯ ಅಂಚು ಸರಿಮಾಡಿ, "ಕಲ್ಲ ಇಡು, ಕೋಳಿ ಬರತಾವ. ನಾಳೆ ಮೂರಕ್ಕ ಬರ್ತೇನಿ" ಎಂದ.

ದೊಡ್ಡವ್ವಾ, ನಿನ್ನ ಕಾಯಿ ಇನ್ನೂ ಹಣ್ಣಾಗಿಲ್ಲ. ಬೆಳಗಿನಿಂದ ನಾಲ್ಕು ಸಲ ಬುಟ್ಟಿ ಎತ್ತಿ ನೋಡಿದ್ದೇನೆ, ಅಲ್ಲೇ ಇದೆ. ಇವತ್ತೂ ಒಂದೇ ಬಿದ್ದರೆ ಏನು ನೆಪ ಹೇಳಲಿ ಎಂಬುದೇ ಚಿಂತೆ. ಎಂದಾದರೂ ಅದು ಹಣ್ಣಾದರೆ, ಆ ದಿನವೇ ಹೊಸದೊಂದು ಆಟ ಹೂಡಿ, ಆಮೇಲೆಯೇ ಬುಟ್ಟಿ ಮುಚ್ಚುತ್ತೇನೆ. ಇದು ನಿನ್ನಾಣೆಗೂ ನಿಜ. ಇನ್ನೂ ಬರೆಯುವುದಿತ್ತು, ಆದರೆ ಮೇಲಿನ ಓಣಿಯಿಂದ ಕೋಲಿನ ಸಪ್ಪಳ ಬರುತ್ತಿದೆ. ಮೂರಾಗಲು ಇನ್ನೂ ಅರ್ಧ ಗಂಟೆ ಇದೆ, ನೋಡು.

ನಿನ್ನ ಸುಮಿ