ಸಾರಂಗದ ಬ್ರೇಕ್ ರಾಡೂ ನಾನು ಬರೆದ ಸುಳ್ಳು ಪತ್ರವೂ

ಸಾರಂಗ ಮೋಟಾರ್ ಸೈಕಲ್ ಕಂಪನಿಯ ಸೇವಾ ವಿಭಾಗದ ಮುಖ್ಯಸ್ಥರೇ,

1989ರಿಂದೀಚೆಗೆ ನೀವು ಮಾರುತ್ತಿರುವ ಗಾಡಿಗಳ ಹಿಂದಿನ ಬ್ರೇಕ್ ರಾಡ್ ಸೀಳು ಬಿಡುತ್ತದೆ, ಒಂದು ದಿನ ತುಂಡಾಗುತ್ತದೆ. ಗೌರಿಬಿದನೂರಿನ ಮೆಹಬೂಬ್ ಪಾಷಾ ಎಂಬ ಮೆಕ್ಯಾನಿಕ್ ಇದನ್ನು ಕಂಡುಹಿಡಿದು ಹೇಳಿದ. ನೀವು ಅವನ ಅಂಗಡಿಯ ಮೇಲಿದ್ದ 'ಅಧಿಕೃತ ಸೇವಾ ಕೇಂದ್ರ' ಎಂಬ ಬೋರ್ಡನ್ನು ಕೀಳಿಸಿದಿರಿ. ಅದಕ್ಕೆ ಆಧಾರವಾಗಿ ಇಟ್ಟುಕೊಂಡದ್ದು ಒಬ್ಬ ಗ್ರಾಹಕನ ದೂರು ಪತ್ರವನ್ನು. ಆ ಗ್ರಾಹಕ ನಾನೇ. ಆ ಪತ್ರದಲ್ಲಿ ಸುಳ್ಳಿತ್ತು.

ನಿಮ್ಮ ಮೇಲೆ ಸಿಟ್ಟಾಗಿ ಬರೆಯುವವರು ಬಹಳ ಮಂದಿ ಇರಬಹುದು. ನನಗೆ ಆ ಹಕ್ಕು ಅರ್ಧ ಮಾತ್ರ ಇದೆ. ಉಳಿದರ್ಧ ಸಿಟ್ಟು ಯಾರ ಮೇಲೆ ಎಂಬುದನ್ನು ಮುಂದೆ ಓದಿದರೆ ತಿಳಿಯುತ್ತದೆ.

ನಾನು ದನಕರುಗಳಿಗೆ ಲಸಿಕೆ ಹಾಕುವ ನೌಕರಿಯವನು. 1984ರಲ್ಲಿ ಚಿಂತಾಮಣಿಯಲ್ಲಿದ್ದಾಗ ಸಾರಂಗ ಕೊಂಡೆ. ಹಿಂದಿನ ಸೀಟಿಗೆ ಲಸಿಕೆಯ ಐಸ್ ಪೆಟ್ಟಿಗೆ ಬಿಗಿದುಕೊಂಡು ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಎಂದು ವರ್ಗವಾದ ಕಡೆಗೆಲ್ಲ ಅದರ ಮೇಲೇ ಹೋದೆ. ಎಂಟು ವರ್ಷದಲ್ಲಿ ಅದು ದಾರಿಯಲ್ಲಿ ನಿಂತದ್ದು ಎರಡೇ ಸಲ. ಎರಡು ಸಲವೂ ಪೆಟ್ರೋಲ್ ಹಾಕಿಸಲು ಮರೆತವನು ನಾನು. ಇಂಥ ಗಾಡಿಯ ಮೇಲೆ ಅಭಿಮಾನ ಹುಟ್ಟುವುದು ಸಹಜ. ಆದರೆ ನನ್ನದು ಅಭಿಮಾನದ ಗಡಿ ದಾಟಿತ್ತು. ಎದುರಿಗೆ ಇನ್ನೊಂದು ಸಾರಂಗ ಬಂದರೆ ಹಾರನ್ ಹೊಡೆದು ಕೈಯೆತ್ತುತ್ತಿದ್ದೆ. ಬೇರೆ ಕಂಪನಿಯ ಗಾಡಿಯವನು ರಸ್ತೆಬದಿಯಲ್ಲಿ ಕಿಕ್ಕರ್ ಒದೆಯುತ್ತಿದ್ದರೆ ಒಳಗೊಳಗೇ ಖುಷಿಪಡುತ್ತಿದ್ದೆ. ನಾಲ್ಕು ತಾಲ್ಲೂಕುಗಳಲ್ಲಿ ಹನ್ನೊಂದು ಜನರಿಗೆ ನಾನೇ ಹೇಳಿ ಸಾರಂಗ ಕೊಡಿಸಿದೆ. ನೀವು ನನಗೆ ಸಂಬಳ ಕೊಡುತ್ತಿರಲಿಲ್ಲ ಎಂಬುದೊಂದು ಬಿಟ್ಟರೆ ನಾನು ನಿಮ್ಮ ಏಜೆಂಟನೇ ಆಗಿದ್ದೆ.

ಆ ಹನ್ನೊಂದು ಜನರಲ್ಲಿ ತೊಂಡೇಬಾವಿಯ ಆವಲಪ್ಪ ಒಬ್ಬ. ಒಂದನೇ ತರಗತಿಯಿಂದ ನನ್ನ ಜೊತೆ ಓದಿದವನು. 1990ರಲ್ಲಿ ಅವನು ಬೇರೆ ಕಂಪನಿಯ ಗಾಡಿಗೆ ಹೆಸರು ಬರೆಸಿದ್ದ. "ಲೋ ಆವಲ, ಅದನ್ನ ತಗೊಂಡ್ರೆ ನಮ್ಮನೆ ಮುಂದೆ ನಿಲ್ಲಿಸ್ಬೇಡ ಕಣೋ" ಎಂದು ಗೇಲಿ ಮಾಡಿ, ಅದನ್ನು ರದ್ದು ಮಾಡಿಸಿ, ಸಾರಂಗದ ಶೋರೂಮಿಗೆ ನಾನೇ ಕರೆದುಕೊಂಡು ಹೋದೆ.

1991ರ ಜುಲೈನಲ್ಲಿ ಗೌರಿಬಿದನೂರಿನಲ್ಲಿ ನಿಮ್ಮ ಕಂಪನಿಯ ಉಚಿತ ಸರ್ವಿಸ್ ಶಿಬಿರ ನಡೆಯಿತು. ಸುತ್ತಲಿನ ನಲವತ್ತು ಜನ ಗಾಡಿ ತಂದಿದ್ದರು. ಕೆಲಸ ಮಾಡುತ್ತಿದ್ದವನು ಮೆಹಬೂಬ್ ಪಾಷಾ. ಅಲೀಪುರದವನು, ಮಾತು ಕಡಿಮೆ. ಆವಲಪ್ಪನ ಗಾಡಿಯ ರಾಡನ್ನು ಬಿಚ್ಚಿ, ಎಲ್ಲರಿಗಿಂತ ಹಳೆಯ ಸಾರಂಗದವನೆಂದು ನನ್ನ ಹತ್ತಿರ ತಂದ.

"ಸಾರ್, ಈ ಬಾಗು ಇದೆಯಲ್ಲ, ಇಲ್ಲಿ ಬೆರಳಾಡಿಸಿ ನೋಡಿ. ಸೀಳು ಬಿಟ್ಟದೆ. ನಿಮ್ಮ ಗಾಡಿ ರಾಡು ದಪ್ಪ. ಇವು ಹೊಸವು ತೆಳ್ಳಗೆ ಮಾಡವ್ರೆ. ನಾನು ನೋಡ್ತಿರೋದ್ರಲ್ಲಿ ಇದು ನಾಲ್ಕನೇದು."

ಬೆರಳಾಡಿಸಿದೆ. ನನ್ನ ಉಗುರು ಆ ಸೀಳಿನಲ್ಲಿ ಸಿಕ್ಕಿಕೊಂಡಿತು.

ಮುಖ್ಯಸ್ಥರೇ, ಈ ಒಂದು ವಾಕ್ಯವನ್ನು ಬರೆಯಲು ನನಗೆ ಹನ್ನೊಂದು ತಿಂಗಳು ಬೇಕಾಯಿತು. ಸೀಳು ಇತ್ತು. ನನಗೆ ಗೊತ್ತಾಯಿತು. ಸುತ್ತ ನಲವತ್ತು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಅವರಲ್ಲಿ ನನ್ನ ಮಾತು ಕೇಳಿ ಗಾಡಿ ಕೊಂಡವರೂ ಇದ್ದರು. ಹೌದು ಎಂದರೆ ಇಷ್ಟು ವರ್ಷ ಹೊಗಳಿದ ನನ್ನ ಮುಖ ಎಲ್ಲಿಡಲಿ?

"ಏನ್ರೀ ಪಾಷಾ, ಗೀರನ್ನ ಸೀಳು ಅಂತೀರಾ? ಕಂಪನಿ ಸಾಮಾನು ಬಿಚ್ಚಿ ನಿಮ್ಮ ಕುಲುಮೆ ಸಾಮಾನು ಹಾಕೋಕೆ ಇದೊಂದು ನೆಪ" ಎಂದೆ. ಜನ ನಕ್ಕರು.

ಪಾಷಾ ರಾಡನ್ನು ತೆಗೆದುಕೊಂಡು ಗಾಡಿಯ ಹತ್ತಿರ ಹೋದ. ನಾನು ಅತ್ತ ಹೋದ ಮೇಲೆ, ಗಟ್ಟಿ ಕಬ್ಬಿಣದಲ್ಲಿ ತಾನೇ ಮಾಡಿಸಿಟ್ಟಿದ್ದ ರಾಡೊಂದನ್ನು ಆವಲಪ್ಪನ ಗಾಡಿಗೆ ಹಾಕಿ ಕಳಿಸಿದ. ಒಂದು ಪೈಸೆ ಮುಟ್ಟಲಿಲ್ಲ. ಮಾರನೆಯ ದಿನ ಅದನ್ನು ಕಂಡ ನಾನು ಅವಮಾನವಾದವನಂತೆ ಕುದಿದೆ. ಆವಲಪ್ಪನನ್ನು ಒಪ್ಪಿಸಿ ಆ ರಾಡನ್ನು ಬಿಚ್ಚಿಸಿ, ಶೋರೂಮಿನಿಂದ ಹೊಸ ಕಂಪನಿ ರಾಡನ್ನೇ ತರಿಸಿ ಹಾಕಿಸಿದೆ. ಅದೇ ವಾರ ನಿಮಗೆ ಪತ್ರ ಬರೆದೆ. 'ಈ ಮೆಕ್ಯಾನಿಕ್ ಇಲ್ಲದ ದೋಷ ಹೇಳಿ, ಕಳಪೆ ಸಾಮಾನು ಹಾಕಿ, ಗ್ರಾಹಕರಿಂದ ದುಡ್ಡು ಕೀಳುತ್ತಿದ್ದಾನೆ' ಎಂಬುದು ಅದರಲ್ಲಿನ ಮಾತು. ನಿಮ್ಮ ಚುರುಕುತನವನ್ನು ಮೆಚ್ಚಲೇಬೇಕು. ಇಪ್ಪತ್ತು ದಿನದೊಳಗೆ ಬೋರ್ಡು ಇಳಿಯಿತು. ನನಗೆ ವಂದನಾ ಪತ್ರ ಬಂತು. ಗಾಡಿಯಲ್ಲಿ ದೋಷವಿದೆ ಎಂದವನ ಮಾತನ್ನು ಪರೀಕ್ಷಿಸಲು ಮಾತ್ರ ಒಬ್ಬ ನರಪಿಳ್ಳೆಯೂ ಬರಲಿಲ್ಲ. ಒಂದು ರಾಡನ್ನಾದರೂ ತರಿಸಿ ನೋಡಿದಿರಾ? ನಿಮ್ಮ ಕಾರ್ಖಾನೆಯಲ್ಲಿ ಯಾರ ಬೆರಳಿಗೂ ಉಗುರಿಲ್ಲವೇ?

ನವೆಂಬರಿನಲ್ಲಿ ಆವಲಪ್ಪ ತನ್ನ ಹೆಂಡತಿ ಅಮ್ಮಾಜಮ್ಮನನ್ನು ಹಿಂದೆ ಕೂರಿಸಿಕೊಂಡು ಚಿಕ್ಕಬಳ್ಳಾಪುರದಿಂದ ಊರಿಗೆ ಹೊರಟಿದ್ದ. ಬೆಳಗ್ಗೆ ಹನ್ನೊಂದು ಗಂಟೆ, ಒಣ ರಸ್ತೆ. ಕಣಿವೆಯ ಇಳಿಜಾರಿನಲ್ಲಿ ಎದುರಿಗೆ ಕುರಿ ಹಿಂಡು ಬಂತು. ಬ್ರೇಕ್ ತುಳಿದ. ಪೆಡಲು ಸರಕ್ಕನೆ ನೆಲಕ್ಕೆ ಹೋಯಿತು. ಮುಂದಿನ ಬ್ರೇಕೊಂದಕ್ಕೇ ಗಾಡಿ ನಿಲ್ಲಲಿಲ್ಲ. ಹಿಂಡನ್ನು ತಪ್ಪಿಸಲು ಹೋಗಿ ಮೋರಿಯ ಕಟ್ಟೆಗೆ ಬಡಿದರು. ಆವಲಪ್ಪನಿಗೆ ಭುಜ ಮುರಿದು ಕೂಡಿಕೊಂಡಿತು. ಅಮ್ಮಾಜಮ್ಮನ ಬಲಗಾಲಿನ ಹರಡಿನ ಕೀಲು ಪುಡಿಯಾಯಿತು. ಆಕೆ ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುವವಳು. ಹೊಲಿಗೆ ಯಂತ್ರ ತುಳಿಯಲು ಈಗ ಆ ಕಾಲು ಬಾಗುವುದಿಲ್ಲ. ಒಂದೇ ಕಾಲಿನಲ್ಲಿ ತುಳಿಯುವುದನ್ನು ಕಲಿಯುತ್ತಿದ್ದಾಳೆ. ದಾರ ಪದೇ ಪದೇ ಕಿತ್ತುಹೋಗುತ್ತದೆ.

ತುಂಡಾದದ್ದು ನಾನು ಹಾಕಿಸಿದ ರಾಡು. ಅದೇ ಬಾಗಿನಲ್ಲಿ.

ಆಗಲೂ ನಾನು ನಿಮ್ಮ ಮೇಲಷ್ಟೇ ತಪ್ಪು ಹೊರಿಸಿ ದೂರು ಬರೆದೆ. ಫೆಬ್ರವರಿಯಲ್ಲಿ ನಿಮ್ಮ ಉತ್ತರ ಬಂತು: ಅಪಘಾತಕ್ಕೆ ಚಾಲಕನ ಅಜಾಗರೂಕತೆಯೇ ಕಾರಣ, ಬ್ರೇಕ್ ರಾಡಿನಲ್ಲಿ ದೋಷವಿಲ್ಲವೆಂದು 'ತಮ್ಮಂಥ ಅನುಭವಿ ಗ್ರಾಹಕರೇ ಈ ಹಿಂದೆ ಲಿಖಿತವಾಗಿ ದೃಢಪಡಿಸಿದ್ದಾರೆ'. ನನ್ನ ಸುಳ್ಳನ್ನು ಇಷ್ಟು ಗೌರವದಿಂದ ನನಗೇ ವಾಪಸು ಕಳಿಸಿದ್ದಕ್ಕೆ ಕೃತಜ್ಞನಾಗಿದ್ದೇನೆ. ಬೇರಾವುದರಿಂದಲೂ ನನಗೆ ಬುದ್ಧಿ ಬರುತ್ತಿರಲಿಲ್ಲ.

ಆ ಕಾಗದ ಹಿಡಿದುಕೊಂಡು ತೊಂಡೇಬಾವಿಗೆ ಹೋದೆ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ, ಶಿಬಿರದಲ್ಲಿ ಸೀಳು ನನ್ನ ಉಗುರಿಗೆ ಸಿಕ್ಕಿದ್ದನ್ನೂ ಅದನ್ನು ಗೀರೆಂದು ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. ಆವಲಪ್ಪ ಎದ್ದು ಹೊರಗೆ ಹೋದ. ಅಮ್ಮಾಜಮ್ಮ ಮಾತ್ರ ಕೂತೇ ಇದ್ದಳು.

"ಅಣ್ಣಾ, ಆ ಸೀಳು ನೀವು ಕಣ್ಣಾರೆ ನೋಡಿದ್ರಾ?"

"ನೋಡಿದ್ದೆ ಕಣಮ್ಮ."

"ಮತ್ತೆ ಅವತ್ತು ನಮಗ್ಯಾಕೆ ಹೇಳ್ಲಿಲ್ಲ?"

ನಿಮ್ಮ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡೆ. ಆಕೆಯೇ ಮುಂದೆ ಕೇಳಿದಳು: "ನನ್ನತ್ರ ಹೇಳಿದ್ದಾಯ್ತು. ಆ ಪಾಷಾ ಅನ್ನೋರತ್ರ ಹೇಳಿದ್ರಾ?"

ಹೇಳಿರಲಿಲ್ಲ. ಅಲ್ಲಿಂದ ಪಾಷಾನ ಅಂಗಡಿಗೆ ಹೋದೆ. ಬೋರ್ಡು ಹೋದ ಮೇಲೆ ಸಾರಂಗದವರು ಅತ್ತ ಸುಳಿಯುತ್ತಿಲ್ಲ. ಅವನು ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದ. ಕೈಮುಗಿದು ಎಲ್ಲ ಹೇಳಿದೆ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಲೇ ಕೇಳಿಸಿಕೊಂಡ.

"ಆ ಅಕ್ಕ ಈಗ ನಡೀತಾರಾ ಸಾರ್?" ಎಂದ ಮೊದಲು.

"ಕುಂಟಿಕೊಂಡು ನಡೀತಾಳೆ."

ಟ್ಯೂಬನ್ನು ಒರೆಸಿದ. "ನನಗೆ ಒಬ್ಬನಿಗೇ ಹೇಳಿದ್ರೆ ಏನಾಗುತ್ತೆ ಸಾರ್? ಬೈದಿದ್ದು ನಲವತ್ತು ಜನರ ಮುಂದೆ. ಹೇಳೋದಾದ್ರೆ ಅಷ್ಟೇ ಜನರ ಮುಂದೆ ಹೇಳಿ. ನನ್ನ ಬೋರ್ಡಿನ ಮಾತು ಹಂಗಿರ್ಲಿ. ಆ ಗಾಡಿಗಳು ಇನ್ನೂ ರೋಡಲ್ಲೇ ಓಡಾಡ್ತಾ ಇದಾವೆ."

ಅದಾದ ಮೇಲೂ ನಾಲ್ಕು ತಿಂಗಳು ಹಿಂದೆಮುಂದೆ ನೋಡಿದೆ. ನೌಕರಿ, ಮರ್ಯಾದೆ, ನೆಂಟರು ಎಂದು ನೆಪಗಳಿಗೇನೂ ಬರವಿರಲಿಲ್ಲ. ಕಳೆದ ವಾರ ನಾನು ಗಾಡಿ ಕೊಡಿಸಿದವರ ಮನೆಗಳಿಗೆ ಪಾಷಾನನ್ನು ಕರೆದುಕೊಂಡು ಹೋದೆ. ಹೊಸ ಮಾದರಿಯವು ಏಳು ಗಾಡಿ ಸಿಕ್ಕವು. ಮೂರರಲ್ಲಿ ಸೀಳಿತ್ತು. ಶಿಡ್ಲಘಟ್ಟದ ಜಿಯಾವುಲ್ಲಾ ದಿನವೂ ತನ್ನ ಇಬ್ಬರು ಮಕ್ಕಳನ್ನು ಆ ಗಾಡಿಯಲ್ಲೇ ಶಾಲೆಗೆ ಬಿಡುತ್ತಿದ್ದ. ರಾಡನ್ನು ಕೈಯಲ್ಲಿ ಹಿಡಿದು ಅವನು ನನ್ನನ್ನು ನೋಡಿದ ನೋಟಕ್ಕಿಂತ ಬೈಗುಳವೇ ವಾಸಿಯಿತ್ತು.

ಆದ್ದರಿಂದ ಒತ್ತಾಯಿಸುತ್ತೇನೆ. 1989ರಿಂದೀಚೆಗೆ ಮಾರಿದ ಪ್ರತಿ ಗಾಡಿಯ ರಾಡನ್ನೂ ನಿಮ್ಮ ಖರ್ಚಿನಲ್ಲಿ ಬದಲಾಯಿಸಿ, ಅದನ್ನು ಪತ್ರಿಕೆಗಳಲ್ಲಿ ಪ್ರಕಟಿಸಿ. ಆವಲಪ್ಪ ಅಜಾಗರೂಕನೆಂದು ಬರೆದದ್ದನ್ನು ಹಿಂತೆಗೆದುಕೊಂಡು ಅಮ್ಮಾಜಮ್ಮನಿಗೆ ಪರಿಹಾರ ಕೊಡಿ. ಮೆಹಬೂಬ್ ಪಾಷಾನ ಬೋರ್ಡನ್ನು ನಿಮ್ಮ ಅಧಿಕಾರಿಯೇ ಬಂದು ಹಾಕಲಿ. ನನ್ನ ಸುಳ್ಳಿಗೆ ನನ್ನ ಮೇಲೆ ಕ್ರಮ ತೆಗೆದುಕೊಳ್ಳುವುದಿದ್ದರೆ ತೆಗೆದುಕೊಳ್ಳಿ, ತಕರಾರಿಲ್ಲ. ಇದೇ ತಿಂಗಳ ಇಪ್ಪತ್ತೆಂಟಕ್ಕೆ ಗೌರಿಬಿದನೂರಿನಲ್ಲಿ ನಿಮ್ಮ ಶಿಬಿರವಿದೆಯಂತೆ. ಅಲ್ಲಿಗೆ ಬಂದವರ ಮುಂದೆ ಈ ಪತ್ರವನ್ನು ನಾನೇ ಗಟ್ಟಿಯಾಗಿ ಓದುತ್ತೇನೆ. ಅಮ್ಮಾಜಮ್ಮ ಬರುತ್ತೇನೆಂದಿದ್ದಾಳೆ. ನೀವೂ ಬಂದು ನನ್ನ ಪಕ್ಕದಲ್ಲಿ ನಿಲ್ಲಿ. ತಲೆ ತಗ್ಗಿಸಲು ನಾನೊಬ್ಬನೇ ಸಾಲದು.

ಇಂತಿ,
ನೀವು ನಂಬಬಾರದಿದ್ದ, ಜನ ನಂಬಿಬಿಟ್ಟ
ಚನ್ನಕೇಶವ
ಗೌರಿಬಿದನೂರು, 10 ಜೂನ್ 1992